‘ನೇರಳೆ ನಾಲಗೆ’ಯ ಒಂಬತ್ತನೆಯ ಪುಟ

ಆ ಭಾನುವಾರ ಬೆಳಿಗ್ಗೆ ಎಂಟು ಗಂಟೆಗೆ ಪದ್ಮಯ್ಯ ಮಾಸ್ಟ್ರು ವಾರಿಜಕ್ಕನ ಜಗಲಿ ಹತ್ತಿದಾಗ ಅವರ ಕಾಲಲ್ಲಿ ಎರಡು ಬೇರೆ ಬೇರೆ ಚಪ್ಪಲಿಗಳಿದ್ದವು. ಇಸ್ತ್ರಿಯಿಲ್ಲದ ಅಂಗಿಯಲ್ಲಿ ಅವರು ಗೇಟು ದಾಟಿದ್ದನ್ನೇ ಬಂಟ್ವಾಳದಲ್ಲಿ ಯಾರೂ ಕಂಡವರಿಲ್ಲ. ಏನೋ ದೊಡ್ಡದೇ ಆಗಿದೆ ಎಂದು ನನಗೆ ಆಗಲೇ ಗೊತ್ತಾಯಿತು.

“ವಾರಿಜಾಕ್ಷಿ, ಒಂಬತ್ತನೆಯ ಪುಟ ಇಲ್ಲ!” ಎಂದರು. “ಒಂದು ಪ್ರತಿಯಲ್ಲಿ ಅಲ್ಲ. ಮುನ್ನೂರರಲ್ಲಿಯೂ ಇಲ್ಲ!”

“ಕೂತ್ಕೊಳ್ಳಿ ಮಾಸ್ಟ್ರೇ. ಮೊದಲು ನೀರು ಕುಡಿಯಿರಿ,” ಎಂದರು ವಾರಿಜಕ್ಕ. ಆದರೆ ಅವರ ಕೈ ಆಗಲೇ ಮಾಸ್ಟ್ರ ಕಂಕುಳಲ್ಲಿದ್ದ ಪುಸ್ತಕಕ್ಕೆ ಚಾಚಿತ್ತು.

ವಾರಿಜಾಕ್ಷಿಯವರು ಮೂವತ್ತೆರಡು ವರ್ಷ ಊರ ಗ್ರಂಥಾಲಯ ನೋಡಿಕೊಂಡು ನಿವೃತ್ತರಾದವರು. ಯಾರ ಮನೆಯಲ್ಲಿ ಏನು ಕಳೆದರೂ ಜನ ಠಾಣೆಗಿಂತ ಮೊದಲು ಅವರ ಜಗಲಿಗೆ ಬರುತ್ತಾರೆ. ನಾನು ಫರಂಗಿಪೇಟೆಯ ಉನೈಸ್, ರಿಕ್ಷಾ ಓಡಿಸುವವನು. ಅವರ ಮೊದಲ ಕೇಸು ನಾನೇ. ಏಳನೇ ಕ್ಲಾಸಿನಲ್ಲಿದ್ದಾಗ ಗ್ರಂಥಾಲಯದ ಪತ್ರಿಕೆಯಿಂದ ಕ್ರಿಕೆಟ್ ಆಟಗಾರನೊಬ್ಬನ ಫೋಟೋವನ್ನು ಬ್ಲೇಡಿನಲ್ಲಿ ಕತ್ತರಿಸಿದ್ದೆ. ಉಳಿದ ಅಂಚನ್ನು ನೋಡಿ, ಕತ್ತರಿಸಿದವನು ಎಡಗೈಯವನು ಎಂದು ಹೇಳಿ, ಇಪ್ಪತ್ತು ಹುಡುಗರ ನಡುವೆ ನನ್ನ ಕಿವಿಯನ್ನೇ ಹಿಡಿದರು. ಆ ಕಿವಿ ಇವತ್ತಿಗೂ ಅವರ ಕೈಯಲ್ಲೇ ಉಂಟು ಎಂದು ನನ್ನ ಹೆಂಡತಿ ಹೇಳುತ್ತಾಳೆ.

ಮಾಸ್ಟ್ರ ಪುಸ್ತಕದ ವಿಷಯ ಹೇಳಬೇಕು. ‘ನೇರಳೆ ನಾಲಗೆ’ ಮಕ್ಕಳೇ ಬರೆದ ಕತೆ, ಕವನ, ಚಿತ್ರಗಳ ವಾರ್ಷಿಕ. ಮೂವತ್ತೆರಡು ಪುಟ, ನಡುವೆ ಎರಡು ಪಿನ್ನು. ಹಳ್ಳಿ ಶಾಲೆಗಳಿಂದ ಬರಹ ತರಿಸಿ, ಆಯ್ದು, ಪಾಣೆಮಂಗಳೂರಿನ ನಿತ್ಯಾನಂದನ ಪ್ರೆಸ್ಸಿನಲ್ಲಿ ಮುದ್ರಿಸಿ ಮಾಸ್ಟ್ರು ಹನ್ನೊಂದು ವರ್ಷದಿಂದ ಇದನ್ನು ತರುತ್ತಿದ್ದಾರೆ. ತಮ್ಮ ಹೆಸರನ್ನು ಅಚ್ಚಿನಲ್ಲಿ ಮೊದಲ ಸಲ ಕಂಡು ಮಕ್ಕಳು ಕುಣಿಯುವುದನ್ನು ನೋಡಬೇಕು, ನಮಗೂ ಕುಣಿಯುವ ಎನ್ನಿಸುತ್ತದೆ. ಈ ವರ್ಷದ ಬಿಡುಗಡೆ ಅದೇ ದಿನ ಮಧ್ಯಾಹ್ನ ಮೂರಕ್ಕೆ ಮೂಡುಬಿದಿರೆಯ ಒಂದು ಸಭಾಭವನದಲ್ಲಿ ಇತ್ತು. ಬೆಳಿಗ್ಗೆ ಮತ್ತೊಮ್ಮೆ ನೋಡುವ ಆಸೆಯಿಂದ ಮಾಸ್ಟ್ರು ಪ್ರೆಸ್ಸಿಗೆ ಹೋಗಿ ಕಟ್ಟು ಬಿಚ್ಚಿದ್ದರು.

“ಒಂಬತ್ತನೇ ಪುಟದಲ್ಲಿ ಏನಿತ್ತು?” ವಾರಿಜಕ್ಕ ಕೇಳಿದರು.

“ಗುರುವಾಯನಕೆರೆಯ ಮೋಕ್ಷಿತಾಳ ಕತೆ. ಒಂಬತ್ತನೇ ಕ್ಲಾಸಿನ ಹುಡುಗಿ. ಈ ವರ್ಷದ ಬೆಸ್ಟ್ ಕತೆ ಅದೇ! ಇವತ್ತು ವೇದಿಕೆಯಲ್ಲಿ ಓದ್ಬೇಕಿತ್ತು. ಈಗ ರೂಮಿನ ಬಾಗಿಲು ಹಾಕಿ ಕೂತಿದ್ದಾಳಂತೆ, ಬರೂದಿಲ್ಲ ಅಂತ. ಇನ್ನು ಬರೆಯೂದೇ ಇಲ್ಲ ಅಂತ.”

“ಅವಳಿಗೆ ಇಷ್ಟು ಬೇಗ ಹೇಗೆ ಗೊತ್ತಾಯ್ತು?”

ಮಾಸ್ಟ್ರು ತಲೆ ತಗ್ಗಿಸಿದರು. ಸಿಟ್ಟಿನ ಭರದಲ್ಲಿ ವಾಟ್ಸಾಪ್ ಗ್ರೂಪಿಗೆ ಅವರೇ ಬರೆದುಬಿಟ್ಟಿದ್ದರು: ‘ಮೋಕ್ಷಿತಾಳ ಕತೆಯನ್ನು ಯಾರೋ ಕತ್ತರಿಸಿದ್ದಾರೆ. ಪೊಲೀಸ್ ದೂರು ಕೊಡುತ್ತೇನೆ.’

“ಯಾರೋ ಅಲ್ಲ ವಾರಿಜಕ್ಕ, ಅದು ಜಿತೇಶಣ್ಣನೇ!” ಎಂದೆ ನಾನು. ಪ್ರೆಸ್ಸಿನ ಕಟ್ಟಡದ ಎದುರು ಭಾಗದಲ್ಲಿ ಹೋಟೆಲು ಇಟ್ಟಿರುವ ಜಿತೇಶಣ್ಣನೇ ಆ ಕಟ್ಟಡದ ಯಜಮಾನ. ಪುಸ್ತಕದ ಹಿಂಬದಿಯ ಜಾಹೀರಾತೂ ಅವನದ್ದೇ. ‘ಚಾ ಕುಡಿದ ಮೇಲೆ ಸುಮ್ಮನೆ ಕೂರಬಾರದು’ ಎಂಬ ದೊಡ್ಡ ಬೋರ್ಡು ಅವನ ಹೋಟೆಲಿನಲ್ಲಿ ಇಪ್ಪತ್ತು ವರ್ಷದಿಂದ ಇತ್ತು. ಮೋಕ್ಷಿತಾಳ ಅಜ್ಜಿಮನೆ ಪಾಣೆಮಂಗಳೂರು. ಅವಳ ಕತೆಯಲ್ಲಿ ಆ ಬೋರ್ಡೇ ಮಾತಾಡುತ್ತದೆ. ಬಂದವರೆಲ್ಲ ತನ್ನನ್ನು ನೋಡಿ ಎದ್ದು ಹೋಗುತ್ತಾರೆ, ಒಬ್ಬರಾದರೂ ಕೂತು ಮಾತಾಡಬಾರದೇ ಎಂದು ಅದಕ್ಕೆ ಬೇಸರ. ಕೊನೆಗೆ ಮೊಳೆ ಬಿಟ್ಟು ಯಜಮಾನನ ಕಾಲ ಮೇಲೆಯೇ ಬೀಳುತ್ತದೆ. ಅವನು ತನ್ನ ಹೋಟೆಲಿನಲ್ಲೇ ಸುಮ್ಮನೆ ಕೂರಬೇಕಾಗುತ್ತದೆ!

ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ಜಾಹೀರಾತು ನೋಡಲು ಬಂದ ಜಿತೇಶಣ್ಣ ಇದನ್ನು ಓದಿ, “ಈ ಪುಸ್ತಕ ಹೊರಗೆ ಬರ್ಬಾರ್ದು!” ಎಂದು ಕೂಗಾಡಿದ್ದನಂತೆ. ಪ್ರೆಸ್ಸಿನ ಇನ್ನೊಂದು ಕೀಲಿಯೂ ಅವನ ಹತ್ತಿರ ಇತ್ತು. ಇನ್ನೇನು ಬೇಕು?

“ಎತ್ತು ಈಯ್ತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ ನೀನು,” ಎಂದರು ವಾರಿಜಕ್ಕ, ಪುಸ್ತಕದಿಂದ ಕಣ್ಣೆತ್ತದೆ. “ಇಲ್ಲಿ ನೋಡು.”

ಪುಸ್ತಕದ ನಡುವಿನಲ್ಲಿ, ಹಾಳೆ ಇದ್ದ ಜಾಗದಲ್ಲಿ, ಬೆರಳಿನ ಉಗುರಿನಷ್ಟು ಅಗಲದ ಒಂದು ಪಟ್ಟಿ ಉಳಿದಿತ್ತು. ಅಂಚು ಸ್ಕೇಲಿಟ್ಟು ಗೆರೆ ಎಳೆದಷ್ಟು ನೇರ.

“ಪಿನ್ನು ಹೊಡೆದ ಪುಸ್ತಕದಲ್ಲಿ ಒಂಬತ್ತನೇ ಪುಟದ ಹಾಳೆಯೂ ಇಪ್ಪತ್ತಮೂರನೇ ಪುಟದ ಹಾಳೆಯೂ ಒಂದೇ ಕಾಗದ. ಇದನ್ನು ಕಿತ್ತರೆ ಅದೂ ಉದುರ್ತದೆ. ಇಲ್ಲಿ ಉದುರ್ಲಿಲ್ಲ. ಮಾಸ್ಟ್ರೇ, ಬೇರೆ ಪ್ರತಿಗಳೂ ಹೀಗೇ ಉಂಟಾ?”

“ಎಲ್ಲವೂ ಹೀಗೇ.”

“ಒಂದಕ್ಕೆ ಕಾಲು ನಿಮಿಷ ಹಿಡಿದರೂ ಒಂದೂಕಾಲು ಗಂಟೆಯ ಕೆಲಸ. ಉನೈಸ್, ರಿಕ್ಷಾ ತೆಗಿ. ಹೋಗುವ.”

ಹಳೆಯ ಸೇತುವೆ ದಾಟಿ ಪಾಣೆಮಂಗಳೂರು ತಲಪಲು ನನಗೆ ಏಳು ನಿಮಿಷ ಸಾಕಾಯಿತು. ಪ್ರೆಸ್ಸಿನ ಬಾಗಿಲಲ್ಲಿ ನಿತ್ಯಾನಂದ ಸುಣ್ಣ ಬಳಿದ ಮುಖ ಮಾಡಿಕೊಂಡು ನಿಂತಿದ್ದ. ಮುದ್ರಣ, ಮಡಿಕೆ, ಪಿನ್ನು ಎಲ್ಲವನ್ನೂ ಅವನೊಬ್ಬನೇ ಮಾಡುವುದು. ಹಾಗಾಗಿ ಕತ್ತರಿಸಲು ಬರುವವನು ಯಾರು ಎಂದರೆ ಜನ ಮೊದಲು ಅವನನ್ನೇ ತೋರಿಸುತ್ತಾರೆ ಎಂಬ ಹೆದರಿಕೆ ಅವನಿಗೆ.

“ನಿನ್ನೆ ಇಲ್ಲಿಗೆ ಯಾರ್ಯಾರು ಬಂದಿದ್ರು?” ವಾರಿಜಕ್ಕ ಕೇಳಿದರು.

“ಜಿತೇಶ ಬಂದ, ಬೈದ, ಲೆಕ್ಕಕ್ಕಿಂತ ಹೆಚ್ಚು ಹೊಡೆದಿದ್ದ ಒಂದು ಪ್ರತಿ ಎತ್ತಿಕೊಂಡು ಹೋದ. ಹನ್ನೆರಡಕ್ಕೆ ಕಾಂತಿ ಟೀಚರ್ ಬಂದ್ರು, ಬಹುಮಾನದ ಸರ್ಟಿಫಿಕೇಟಿಗೆ ಹೆಸರು ಬರೀಲಿಕ್ಕೆ. ಅವರ ಅಕ್ಷರ ಚಂದ ಅಲ್ವಾ? ಒಳಗಿನ ಕೋಣೆಯಲ್ಲಿ ಕೂತು ಬರೆದ್ರು. ಐದಕ್ಕೆ ಅವರ ಚಿತ್ರದ ದೊಡ್ಡ ಚೀಲ ಸ್ಕೂಟರಿಗೆ ಕಟ್ಟಿಕೊಂಡು ಹೋದ್ರು. ನಾನು ಮದುವೆ ಕಾಗದದ ಆರ್ಡರಿನಲ್ಲಿ ಮೆಷಿನ್ ಬಿಟ್ಟು ಏಳ್ಲಿಲ್ಲ. ಆರಕ್ಕೆ ಬೀಗ ಹಾಕಿದೆ.”

ಕಾಂತಿ ಟೀಚರ್ ಸಿದ್ಧಕಟ್ಟೆಯ ಕಡೆಯ ಒಂದು ಶಾಲೆಯ ಚಿತ್ರಕಲಾ ಶಿಕ್ಷಕಿ. ಪುಸ್ತಕಕ್ಕೆ ಬಂದ ಚಿತ್ರಗಳನ್ನು ಆರಿಸುವುದೂ, ಕಂಪ್ಯೂಟರಿನಲ್ಲಿ ಪುಟ ಜೋಡಿಸುವುದೂ ಅವರೇ.

ಒಳಗಿನ ಕೋಣೆಯಲ್ಲಿ ಪುಸ್ತಕದ ಕಟ್ಟುಗಳು, ಒಂದು ಮೇಜು, ಅದರ ಮೇಲೆ ಸರ್ಟಿಫಿಕೇಟುಗಳು. ನಾನು ಕಸದ ಬುಟ್ಟಿಯನ್ನು ತಲೆಕೆಳಗು ಮಾಡಿದೆ. ಹಿಂದಿನ ಓಣಿಯಲ್ಲಿ ಸುಟ್ಟ ಗುರುತು ಹುಡುಕಿದೆ. ಮುನ್ನೂರು ಹಾಳೆಯ ಒಂದು ಚೂರೂ ಸಿಗಲಿಲ್ಲ. ವಾರಿಜಕ್ಕ ಸರ್ಟಿಫಿಕೇಟುಗಳನ್ನು ಒಂದೊಂದಾಗಿ ತಿರುವಿದರು. ಮುತ್ತು ಪೋಣಿಸಿದಂಥ ಅಕ್ಷರ. ಒಂದರಲ್ಲಿ ಮಾತ್ರ ‘ಚಿತ್ರಕಲೆ, ಪ್ರಥಮ’ ಎಂದಿತ್ತು, ಹೆಸರಿನ ಜಾಗ ಖಾಲಿ.

“ಶಾಯಿ ಮುಗಿಯಿತಂತೆ,” ಎಂದ ನಿತ್ಯಾನಂದ. “ಹಾಲ್‌ನಲ್ಲಿ ಬರೀತೇನೆ ಅಂದ್ರು.”

ವಾರಿಜಕ್ಕ ಮೇಜಿನ ಮೂಲೆಯ ಶಾಯಿ ಬಾಟಲಿಯನ್ನು ಎತ್ತಿ ಬೆಳಕಿಗೆ ಹಿಡಿದರು. ಅರ್ಧಕ್ಕಿಂತ ಹೆಚ್ಚು ತುಂಬಿತ್ತು. ಅದನ್ನು ಇದ್ದಲ್ಲೇ ಇಟ್ಟು, “ಚಾ ಕುಡಿಯುವ” ಎಂದರು.

ಕಳ್ಳನ ಹೋಟೆಲಿನಲ್ಲಿಯೇ ಚಾ! ಜಿತೇಶಣ್ಣ ಗಲ್ಲಾಪೆಟ್ಟಿಗೆಯ ಹಿಂದೆ ಮುಖ ಊದಿಸಿ ಕೂತಿದ್ದ. ನಾವು ಕೇಳುವ ಮೊದಲೇ, “ನಾನು ಕತ್ತರಿಸ್ಲಿಲ್ಲ. ಗ್ರೂಪಿನಲ್ಲಿ ಎಲ್ಲ ನನ್ನನ್ನೇ ಬೈತಿದ್ದಾರೆ” ಎಂದ.

“ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡಿಕೊಂಡನಂತೆ,” ಎಂದು ನಾನು ಗೊಣಗಿದೆ.

ವಾರಿಜಕ್ಕ ನನ್ನ ಕಡೆ ನೋಡಲಿಲ್ಲ. ಅವರು ಗೋಡೆಯನ್ನು ನೋಡುತ್ತಿದ್ದರು. ಹೊಗೆ ಹಿಡಿದು ಕಂದಾದ ಗೋಡೆಯಲ್ಲಿ ಒಂದು ಚೌಕ ಮಾತ್ರ ಹೊಸ ಸುಣ್ಣದಂತೆ ಬೆಳ್ಳಗಿತ್ತು. ಮೇಲೆ ಒಂಟಿ ಮೊಳೆ.

“ಜಿತೇಶ, ನೀನು ನಿನ್ನೆ ತಂದ ಪ್ರತಿ ಉಂಟಾ?”

ಅವನು ಗಲ್ಲಾಪೆಟ್ಟಿಗೆಯ ಕೆಳಗಿನಿಂದ ಪುಸ್ತಕ ತೆಗೆದು ಕೊಟ್ಟ. ಅದರಲ್ಲಿ ಹಾಳೆ ಇತ್ತು! ಒಂಬತ್ತನೆಯ ಪುಟದಲ್ಲಿ ಕತೆ. ತಿರುವಿದರೆ ಹತ್ತನೆಯ ಪುಟದಲ್ಲಿ ಚಿತ್ರಕ್ಕೆ ಮೊದಲ ಬಹುಮಾನ ಬಂದ ‘ಅಮ್ಮನ ಬೀಡಿ ಸೂಪು’, ಬಿಡಿಸಿದವನು ಆರನೇ ಕ್ಲಾಸಿನ ಸೃಜನ್. ಬೀಡಿ ಸುತ್ತುವ ತಾಯಿಯ ಕೈಗಳು, ಮಡಿಲಲ್ಲಿ ಮೊರದಂಥ ಸೂಪು, ಅದರಲ್ಲಿ ಎಲೆ, ಹೊಗೆಸೊಪ್ಪು, ಕತ್ತರಿ, ನೂಲು. ಪಕ್ಕದಲ್ಲಿ ಒಂದು ಬಟ್ಟೆಯ ಗಂಟು. ವಾರಿಜಕ್ಕ ಆ ಪುಟವನ್ನು ಬಹಳ ಹೊತ್ತು ನೋಡಿದರು. ನಾನು ಚಾ ಮುಗಿಸಿ ಲೋಟವನ್ನೂ ನೆಕ್ಕುವಷ್ಟು ಹೊತ್ತು.

“ಇದು ನನ್ನ ಹತ್ತಿರ ಇರ್ಲಿ,” ಎಂದರು. “ಜಿತೇಶ, ನೀನೂ ನಿತ್ಯಾನಂದನೂ ಮಾಸ್ಟ್ರೂ ಕಟ್ಟುಗಳನ್ನು ನಿನ್ನ ಒಮ್ನಿ ವ್ಯಾನಿನಲ್ಲಿ ಹಾಕಿ ನೇರ ಮೂಡುಬಿದಿರೆಗೆ ಬನ್ನಿ. ಪೊಲೀಸರಿಗೆ ಈಗ ಬೇಡ. ನಾವು ಗುರುವಾಯನಕೆರೆಗೆ ಹೋಗಿ ಬರ್ತೇವೆ.”

“ಅದು ಸುತ್ತು ದಾರಿ ಅಲ್ವಾ ವಾರಿಜಕ್ಕ?” ಎಂದೆ.

“ಕತೆ ಓದುವವಳು ಬೇಡ್ವಾ ಮಾರಾಯ?”

ಹತ್ತು ಗಂಟೆಗೆ ಹೊರಟವರು ಗುರುವಾಯನಕೆರೆಗೆ ಮುಟ್ಟಿದಾಗ ಹನ್ನೊಂದೂವರೆ. ನನ್ನ ರಿಕ್ಷಾ ಅಷ್ಟು ಓಡಿದ್ದು ನನ್ನ ಮಗಳು ಹುಟ್ಟಿದ ದಿನ ಮಾತ್ರ. ಮೋಕ್ಷಿತಾಳ ತಾಯಿ ಬಾಗಿಲಲ್ಲೇ ಕಾಯುತ್ತಿದ್ದರು. “ಇವಳ ಅಪ್ಪ ಸೌದಿಯಿಂದ ಫೋನಲ್ಲಿ, ಬರೆದದ್ದು ಸಾಕು, ಊರವರ ದ್ವೇಷ ಕಟ್ಟಿಕೊಳ್ಳೂದು ಬೇಡ ಅಂತ ಹೇಳಿದ್ರು. ಬೆಳಿಗ್ಗೆಯಿಂದ ಒಂದು ತುತ್ತು ತಿನ್ಲಿಲ್ಲ” ಎಂದರು.

ಒಳಗಿನಿಂದ ಬಂದ ಹುಡುಗಿಯ ಕಣ್ಣು ಊದಿತ್ತು. ಕೈಯಲ್ಲಿ ಅವಳು ಕತೆ ಬರೆಯುವ ಕೆಂಪು ರಟ್ಟಿನ ದಪ್ಪ ನೋಟ್‌ಬುಕ್ಕು.

“ನಿನ್ನ ಕತೆಯನ್ನು ಯಾಕೆ ಕತ್ತರಿಸಿದ್ರು ಅಂತ ತಿಳ್ಕೊಳ್ಬೇಕಾ?” ವಾರಿಜಕ್ಕ ಕೇಳಿದರು.

“ಗೊತ್ತುಂಟು. ನಾನು ಬರ್ದದ್ದು ಅವರಿಗೆ ಬೇಡ.”

“‘ಗೊತ್ತುಂಟು’ ಅಂತ ನಿಜವಾಗಿ ಗೊತ್ತಾದ ಮೇಲೆ ಹೇಳು. ಓದುವುದು ಬೇಡ. ಸುಮ್ಮನೆ ಬಂದು ಕೂತು ಕೇಳು. ಸುಮ್ಮನೆ ಕೂರಬಾರದು ಅಂತ ಅಲ್ಲಿ ಬೋರ್ಡಿಲ್ಲ.”

ಹುಡುಗಿಯ ತುಟಿಯ ತುದಿ ಸ್ವಲ್ಪ ಅಲುಗಿತು. ತಾಯಿಯ ಜೊತೆ ಹತ್ತಿ ಕೂತಳು. ಹತ್ತುವ ಮೊದಲು ನೋಟ್‌ಬುಕ್ಕನ್ನು ನನ್ನ ಕೈಗಿಟ್ಟಳು. “ಅಣ್ಣಾ, ನೀವು ವಾಪಸು ಹೋಗುವಾಗ ಪಾಣೆಮಂಗಳೂರು ಸೇತುವೆ ಸಿಗ್ತದಲ್ಲ? ಅಲ್ಲಿಂದ ಹೊಳೆಗೆ ಎಸೆದುಬಿಡಿ.” ನಾನು ಅದನ್ನು ನನ್ನ ಸೀಟಿನ ಕೆಳಗೆ, ಸ್ಪಾನರುಗಳ ಪಕ್ಕದಲ್ಲಿ ಇಟ್ಟೆ.

ವೇಣೂರು ದಾಟಿ ಮೂಡುಬಿದಿರೆಯ ಸಭಾಭವನ ಮುಟ್ಟಿದಾಗ ಒಂದು ಗಂಟೆ. ಅಂಗಳದಲ್ಲಿ ಮಕ್ಕಳ ಗದ್ದಲವೋ ಗದ್ದಲ. ಒಳಗೆ ಗೋಡೆಯುದ್ದಕ್ಕೂ ಕಾಂತಿ ಟೀಚರ್ ಮಕ್ಕಳ ಮೂಲ ಚಿತ್ರಗಳನ್ನು ನೂಲಿಗೆ ಕ್ಲಿಪ್ಪು ಹಾಕಿ ತೂಗಿಸುತ್ತಿದ್ದರು. ನಮ್ಮನ್ನು ಕಂಡು ನಕ್ಕರು, ಆದರೆ ಕ್ಲಿಪ್ಪು ಕೈಯಿಂದ ಜಾರಿ ಬಿತ್ತು.

“ಉನೈಸ್, ನೀನು ಮಕ್ಕಳ ಹತ್ತಿರ ಮಾತಾಡು,” ಎಂದು ವಾರಿಜಕ್ಕ ಪಿಸುಗುಟ್ಟಿದರು. “ಮಕ್ಕಳಿಗೆ ನಿನ್ನ ಹೆದರಿಕೆ ಇಲ್ಲ.”

‘ಅಮ್ಮನ ಬೀಡಿ ಸೂಪು’ ಚಿತ್ರದ ಮುಂದೆ ಎರಡು ಜಡೆಯ ಹುಡುಗಿಯೊಬ್ಬಳು ಒಬ್ಬಳೇ ನಿಂತಿದ್ದಳು. “ಚಂದ ಉಂಟಲ್ವಾ?” ಎಂದೆ. ಅವಳು ಬಟ್ಟೆಯ ಗಂಟಿನ ಕಡೆ ಬೆರಳು ತೋರಿಸಿ, “ಆ ಬಟ್ಟೆ ಇನ್ನೂ ಸ್ವಲ್ಪ ಒದ್ದೆ ಇರ್ಬೇಕಿತ್ತು” ಎಂದು ಓಡಿಹೋದಳು. ಹೆಸರು ವಿಸ್ಮಿತಾ, ಸೃಜನ್‌ನ ಕ್ಲಾಸಿನವಳೇ ಎಂದು ಆಮೇಲೆ ತಿಳಿಯಿತು. ಮಕ್ಕಳು ಚಿತ್ರಕ್ಕೆ ಏನಾದರೂ ಹೇಳುವುದುಂಟು ಎಂದು ನಾನು ಅದನ್ನು ಮನಸ್ಸಿಗೆ ಹಾಕಿಕೊಳ್ಳಲಿಲ್ಲ. ವಾರಿಜಕ್ಕನಿಗೆ ವರದಿ ಮಾಡಿದ್ದು ಮಾತ್ರ ನನ್ನ ಪುಣ್ಯ.

ಮೊದಲ ಬಹುಮಾನದ ಸೃಜನ್ ಮೂಲೆಯ ಕುರ್ಚಿಯಲ್ಲಿ ಹೊಸ ಅಂಗಿ ತೊಟ್ಟು, ಹಲ್ಲುನೋವಿನವನ ಮುಖ ಮಾಡಿಕೊಂಡು ಕೂತಿದ್ದ. ವಾರಿಜಕ್ಕ ಅವನ ಪಕ್ಕ ಕೂತರು. ಅವನ ಕೈಯಲ್ಲೊಂದು ಕೈಯಲ್ಲೇ ಮಾಡಿದ ಪುಟ್ಟ ಪುಸ್ತಕ ಇತ್ತು.

“ಇದು ಯಾರು ಮಾಡಿದ್ದು ಮಗಾ?”

“ನಾನೇ. ಪುಸ್ತಕ ಹೊಲಿಯೂದು, ಹರಿದ ಹಾಳೆ ಅಂಟಿಸೂದು ಎಲ್ಲ ಕಾಂತಿ ಟೀಚರ್ ಕಲಿಸಿದ್ದಾರೆ.” ಅವನು ಒಂದು ಪುಟ ತೆರೆದು ತೋರಿಸಿದ. ಕಿರಿದಾದ ಪಟ್ಟಿಯೊಂದರ ಮೇಲೆ ಹೊಸ ಹಾಳೆಯನ್ನು ಅಂಟಿಸಲಾಗಿತ್ತು.

“ಜಾಣ. ನಿನ್ನ ಚಿತ್ರದಲ್ಲಿ ಸೂಪಿನ ಪಕ್ಕ ಒಂದು ಬಟ್ಟೆಯ ಗಂಟು ಉಂಟಲ್ಲ, ಅದು ಎಂಥದು?”

ಹುಡುಗ ಕಾಂತಿ ಟೀಚರ ಕಡೆ ನೋಡಿದ, ನೆಲ ನೋಡಿದ. “ಊಟದ ಬುತ್ತಿ,” ಎಂದ.

ವಾರಿಜಕ್ಕ ಅವನ ತಲೆ ಸವರಿ ಎದ್ದರು. ಕಾಂತಿ ಟೀಚರ್ ನೀರು ಕುಡಿಯಲು ಹೋದ ಹೊತ್ತಿನಲ್ಲಿ ನೂಲಿನ ಚಿತ್ರಗಳನ್ನು ಒಂದೊಂದಾಗಿ ಹಿಂದೆ ತಿರುಗಿಸಿ ನೋಡುತ್ತ ಹೋದರು. ತೀರ್ಪುಗಾರರಿಗೆ ಹೆಸರು ಕಾಣಬಾರದೆಂದು ಮಕ್ಕಳು ಹೆಸರಿನ ಚೀಟಿಯನ್ನು ಚಿತ್ರದ ಬೆನ್ನಿಗೆ ಅಂಟಿಸಬೇಕು, ಅದು ಅಲ್ಲಿಯ ಕ್ರಮ. ಹಳ್ಳಿಯ ಮಕ್ಕಳು ಗೋಂದಿಗೆ ಎಲ್ಲಿ ಹೋಗುತ್ತಾರೆ? ಕುಚ್ಚಲಕ್ಕಿ ಅನ್ನದ ನಾಲ್ಕು ಅಗುಳು ಹಿಸುಕಿ ಸವರಿ ಅಂಟಿಸಿದ್ದರು. ಚೀಟಿಗಳ ಅಡಿಯಲ್ಲಿ ಅಗುಳಿನ ಗಂಟುಗಳು ಕೈಗೆ ಸಿಗುತ್ತಿದ್ದವು. ನಲವತ್ತು ಚಿತ್ರಗಳಲ್ಲಿ ಎರಡರ ಚೀಟಿ ಮಾತ್ರ ನಯವಾಗಿತ್ತು, ಬಾಟಲಿಯ ಬಿಳಿ ಗೋಂದು. ಒಂದು ‘ಅಮ್ಮನ ಬೀಡಿ ಸೂಪು’, ಚೀಟಿಯಲ್ಲಿ ಸೃಜನ್. ಇನ್ನೊಂದು ‘ವಿಮಾನದಿಂದ ಇಳಿದ ಪಪ್ಪ’, ಚೀಟಿಯಲ್ಲಿ ವಿಸ್ಮಿತಾ.

“ವಾರಿಜಕ್ಕ, ಗಂಟೆ ಒಂದೂವರೆ!” ಎಂದೆ.

“ಸಾಕು. ಎಲ್ಲರನ್ನೂ ವೇದಿಕೆಯ ಹಿಂದಿನ ಕೋಣೆಗೆ ಕರಿ. ಮೋಕ್ಷಿತಾಳನ್ನು ಮೊದಲು.”

ಕೋಣೆಯಲ್ಲಿ ಪುಸ್ತಕದ ಕಟ್ಟುಗಳ ನಡುವೆ ಎಲ್ಲರೂ ಸೇರಿದರು. ಪದ್ಮಯ್ಯ ಮಾಸ್ಟ್ರು (ಈಗ ಎರಡೂ ಚಪ್ಪಲಿ ಒಂದೇ ಜೋಡಿ), ನಿತ್ಯಾನಂದ, ಜಿತೇಶಣ್ಣ, ಕಾಂತಿ ಟೀಚರ್, ತಾಯಿಯ ಪಕ್ಕದಲ್ಲಿ ಮೋಕ್ಷಿತಾ. ಬಾಗಿಲಿಗೆ ನಾನು ಅಡ್ಡ ನಿಂತೆ, ಯಾರೂ ಓಡದಂತೆ. ನಾನು ಜಿತೇಶಣ್ಣನ ಮೇಲೆಯೇ ಕಣ್ಣಿಟ್ಟಿದ್ದೆ ಎಂದು ಒಪ್ಪಿಕೊಳ್ಳುತ್ತೇನೆ.

“ಎಲ್ಲರೂ ಮೋಕ್ಷಿತಾಳ ಕತೆ ಕತ್ತರಿಸಿದ್ದಾರೆ ಅಂತ ಹೇಳಿದ್ರು,” ಎಂದು ವಾರಿಜಕ್ಕ ಆರಂಭಿಸಿದರು. “ಕತ್ತರಿಸಿದ್ದು ಕತೆಯನ್ನಲ್ಲ, ಹಾಳೆಯನ್ನು. ಹಾಳೆಗೆ ಎರಡು ಮುಖ ಉಂಟು.”

ಅವರು ಜಿತೇಶಣ್ಣನ ಪ್ರತಿಯನ್ನು ತೆರೆದು ಆ ಹಾಳೆಯನ್ನು ಹಿಂದೆ ಮುಂದೆ ತಿರುವಿ ತೋರಿಸಿದರು.

“ಕತೆಯ ಮೇಲೆ ಸಿಟ್ಟಿದ್ದವನು ಜಿತೇಶ. ಸಿಟ್ಟಿನವನು ಮುನ್ನೂರು ಪ್ರತಿಗೆ ಸ್ಕೇಲಿಟ್ಟು, ಒಂದೇ ಅಳತೆಯ ಪಟ್ಟಿ ಉಳಿಸಿ ಕತ್ತರಿಸ್ತಾನಾ? ಕಿತ್ತು ಬಿಸಾಡ್ತಾನೆ. ಅಲ್ಲದೆ ಅವನು ತನ್ನ ಪ್ರತಿಯನ್ನು ಜೋಪಾನ ಇಟ್ಟುಕೊಂಡಿದ್ದ. ಗೋಡೆಯ ಬೋರ್ಡನ್ನು ತೆಗೆದಿದ್ದ. ಕತೆ ಅವನ ಮನಸ್ಸಿಗೆ ತಾಗಿತ್ತು.”

ಜಿತೇಶಣ್ಣ ಕೊರಳು ಕೆರೆದುಕೊಂಡ. “ನಿನ್ನೆ ಸಂಜೆ ಮೂರನೇ ಸಲ ಓದಿದೆ,” ಎಂದ. “ನಾನು ನಗಾಡಿದ್ದನ್ನು ನೋಡಿ ಹೆಂಡತಿ ಹೆದರಿದಳು. ಆಮೇಲೆ ಆ ಬೋರ್ಡನ್ನು ನೋಡಲಿಕ್ಕೇ ನಾಚಿಕೆ ಆಯ್ತು ಮಾರಾಯ್ರೆ.”

ಮೋಕ್ಷಿತಾ ತಲೆ ಎತ್ತಿದಳು.

“ಆ ಪಟ್ಟಿ ಯಾಕೆ ಉಳಿಯಿತು?” ವಾರಿಜಕ್ಕ ಮುಂದುವರಿದರು. “ಗ್ರಂಥಾಲಯದಲ್ಲಿ ಹಾಳಾದ ಪುಟ ತೆಗೆದು ಬೇರೆ ಪುಟ ಹಾಕುವಾಗ ನಾವು ಹಾಗೆ ಉಳಿಸ್ತಿದ್ದೆವು, ಅಂಟಿಸ್ಲಿಕ್ಕೆ ಜಾಗ ಬೇಕಲ್ಲ. ಅಂದ್ರೆ ಇದು ನಾಶ ಮಾಡುವ ಕೈ ಅಲ್ಲ, ತಿದ್ದುವ ಕೈ. ಅದೇ ಹಾಳೆಯನ್ನು ಬದಲು ಮಾಡಿ ವಾಪಸು ಅಂಟಿಸ್ಬೇಕು ಅಂತ ಇದ್ದವರು. ಕತೆಯಲ್ಲಿ ಬದಲು ಮಾಡುವಂಥದ್ದು ಏನೂ ಇಲ್ಲ. ಹಾಗಾದ್ರೆ ಹತ್ತನೇ ಪುಟದ ಚಿತ್ರದಲ್ಲಿ ಏನೋ ತಪ್ಪಾಗಿದೆ. ಬೀಡಿ ಎಲೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಡದಿದ್ದರೆ ಸುತ್ತುವಾಗ ಒಡೀತದೆ. ನನ್ನ ಅಮ್ಮನೂ ಬೀಡಿ ಸುತ್ತಿದವರೇ. ಪಕ್ಕದಲ್ಲಿ ಕೂತು ದಿನಾ ನೋಡಿದ ಮಗು ಮಾತ್ರ ಆ ಗಂಟನ್ನು ಬಿಡಿಸ್ತದೆ. ಬಿಡಿಸಿದವನು ಎನ್ನುವ ಸೃಜನ್‌ಗೆ ಅದು ಬುತ್ತಿ. ಆದರೆ ವಿಸ್ಮಿತಾಳಿಗೆ ಅದು ಇನ್ನೂ ಒದ್ದೆಯಾಗ್ಬೇಕಿತ್ತು ಅಂತ ಗೊತ್ತು.”

ನನ್ನ ತಲೆಯಲ್ಲಿ ಬಲ್ಬು ಹತ್ತಿದ್ದು ಆಗ. ಎರಡು ಜಡೆಯ ಹುಡುಗಿ!

“ಅನ್ನದ ಅಗುಳಿನ ಚೀಟಿಯನ್ನು ಇರುವೆ, ಜಿರಳೆ ತಿಂತವೆ. ಎರಡು ಚೀಟಿ ಉದುರಿದವು. ಯಾರೋ ಅಂದಾಜಿನಲ್ಲಿ ಬಿಳಿ ಗೋಂದಿನಿಂದ ಅಂಟಿಸಿದ್ರು, ಅದಲು ಬದಲಾಗಿ. ಚಿತ್ರಗಳು ಯಾರ ಕೈಯಲ್ಲಿದ್ದವು? ಪುಸ್ತಕ ಕಟ್ಟುವ ಕೆಲಸ ಯಾರಿಗೆ ಗೊತ್ತು? ಹನ್ನೆರಡರಿಂದ ಐದರ ತನಕ ಕಟ್ಟುಗಳ ಜೊತೆ ಒಬ್ಬರೇ ಕೂತವರು ಯಾರು? ಅರ್ಧ ಬಾಟಲಿ ಶಾಯಿ ಇದ್ದರೂ ಮೊದಲ ಬಹುಮಾನದ ಹೆಸರು ಬರೆಯಲಿಕ್ಕೆ ಯಾರ ಕೈ ಏಳಲಿಲ್ಲ?” ಅವರು ಮೆಲ್ಲನೆ ತಿರುಗಿದರು. “ಕಾಂತಿ, ಕತ್ತರಿಸಿದ ಹಾಳೆ ಸಾಗಿಸಿದ ಆ ಚಿತ್ರದ ಚೀಲದಲ್ಲಿ ಹೊಸ ಹಾಳೆಗಳೂ ಉಂಟಲ್ವಾ?”

ಕಾಂತಿ ಟೀಚರ್ ಮುಖ ಮುಚ್ಚಿಕೊಂಡು ಅತ್ತರು. ಅಷ್ಟು ಹೊತ್ತು ಕಳ್ಳನನ್ನು ಹಿಡಿಯಲು ಕುಣಿಯುತ್ತಿದ್ದ ನನಗೆ ಆಗ ಒಂದು ಥರ ಆಯಿತು.

“ನಿನ್ನೆ ಮಧ್ಯಾಹ್ನ ಗೆದ್ದ ಮಕ್ಕಳ ಮನೆಗೆ ಪುಟದ ಫೋಟೋ ಕಳಿಸಿದೆ,” ಎಂದರು. “ಸೃಜನ್ ಫೋನ್ ಮಾಡಿದ. ಟೀಚರ್, ಇದು ನಂದಲ್ಲ, ನಾನು ವಿಮಾನ ಬಿಡಿಸಿದ್ದು ಅಂದ. ಒಳ್ಳೆ ಚಿತ್ರ ಅಂದ ಕೂಡ್ಲೇ ಜಾಣನದ್ದೇ ಇರ್ಬೇಕು ಅಂತ ನಾನೇ ಅಂಟಿಸಿದ್ದೆ. ವಿಸ್ಮಿತಾಳದ್ದು ಇರಬಹುದು ಅಂತ ಒಮ್ಮೆಯೂ ತಲೆಗೆ ಬರ್ಲಿಲ್ಲ. ಹತ್ತು ವರ್ಷದಿಂದ ಮಕ್ಕಳಿಗೆ ಕಲಿಸುವವಳು ನಾನು! ಪುಟದ ಮೇಲೆ ತಿದ್ದುಪಡಿಯ ಚೀಟಿ ಅಂಟಿಸಿದ್ರೆ ತಪ್ಪು ಎಲ್ಲರಿಗೂ ಕಾಣ್ತದೆ. ಇಡೀ ಪುಸ್ತಕದ ಫೈಲು ನನ್ನಲ್ಲಿ ಇತ್ತು. ಹೆಸರು ತಿದ್ದಿ ನಿನ್ನೆ ಸಂಜೆಯೇ ಇಲ್ಲಿ ಮುನ್ನೂರು ಹಾಳೆ ಪ್ರಿಂಟ್ ತೆಗೆಸಿದೆ. ಕಟ್ಟುಗಳು ಹನ್ನೆರಡಕ್ಕೆ ಬರ್ತವೆ, ಮೂರರ ಒಳಗೆ ಒಬ್ಬಳೇ ಅಂಟಿಸಿದ್ರೆ ಯಾರಿಗೂ ತಿಳಿಯೂದಿಲ್ಲ ಅಂತ. ಬೆಳಿಗ್ಗೆ ನೋಡಿದ್ರೆ ಗ್ರೂಪಿನಲ್ಲಿ ಪೊಲೀಸ್ ಅಂತ ಇತ್ತು. ಬಾಯಿ ಕಟ್ಟಿಹೋಯ್ತು.”

“ಆ ಹೊತ್ತಿನಲ್ಲಿ ಇವಳು ಬರೆಯೂದೇ ಬಿಟ್ಟಳು,” ಎಂದರು ವಾರಿಜಕ್ಕ. ಗದರಲಿಲ್ಲ. ಗದರಿದ್ದರೆ ಒಳ್ಳೆಯದಿತ್ತು.

ಕಾಂತಿ ಟೀಚರ್ ಎದ್ದು ಮೋಕ್ಷಿತಾಳ ಎದುರು ನಿಂತು ಕೈಮುಗಿದರು. “ನಿನ್ನ ಕತೆಯನ್ನು ಯಾರೂ ಬೇಡ ಹೇಳ್ಲಿಲ್ಲ ಮಗಾ. ಅದರ ಹಿಂಬದಿಯಲ್ಲಿ ನನ್ನ ತಪ್ಪಿತ್ತು. ಇದನ್ನು ವೇದಿಕೆಯಲ್ಲೂ ಹೇಳ್ತೇನೆ.” ಮಾಸ್ಟ್ರು ಕೂಡ, ವಿಚಾರಿಸದೆ ಗ್ರೂಪಿಗೆ ಬರೆದದ್ದು ತಮ್ಮ ತಪ್ಪು ಎಂದು ಜಿತೇಶಣ್ಣನ ಕೈ ಹಿಡಿದರು. ನಾನೂ ಹಿಡಿದೆ, ಸ್ವಲ್ಪ ತಡವಾಗಿ.

“ಗಂಟೆ ಎರಡು!” ನಿತ್ಯಾನಂದ ಕೂಗಿದ. “ಮುನ್ನೂರು ಹಾಳೆ! ಗೋಂದು ಎಲ್ಲಿ ಉಂಟು?”

“ಅದು ನನಗೆ ಬಿಡಿ,” ಎಂದು ಜಿತೇಶಣ್ಣ ಅಂಗಿಯ ತೋಳು ಮಡಿಸಿ ಸಭಾಭವನದ ಅಡುಗೆಮನೆಗೆ ನುಗ್ಗಿದ. ಹತ್ತು ನಿಮಿಷದಲ್ಲಿ ಬಾಣಲೆ ತುಂಬ ಬಿಸಿ ಮೈದಾ ಅಂಟು ಬಂತು. ಮಾಸ್ಟ್ರು ಬಾಗಿಲು ತೆರೆದರು, ಮಕ್ಕಳು ಹೊಳೆಯಂತೆ ಒಳಗೆ ಹರಿದರು. ಕಾಂತಿ ಟೀಚರ್ ಒಮ್ಮೆ ಮಾಡಿ ತೋರಿಸಿದರು. ಪಟ್ಟಿಗೆ ಅಂಟು, ಮೇಲೆ ಹಾಳೆ, ಮೇಲಿಂದ ಕೆಳಗೆ ಬೆರಳು. ನಲವತ್ತು ಮಕ್ಕಳು, ಮುನ್ನೂರು ಪುಸ್ತಕ. ಸೃಜನ್ ಎಲ್ಲರಿಗಿಂತ ಚುರುಕು, ಹಲ್ಲುನೋವು ಹೋದವನ ಮುಖ. ವಿಸ್ಮಿತಾ ಮೊದಲ ಹಾಳೆಯಲ್ಲಿ ತನ್ನ ಹೆಸರನ್ನು ಕಂಡು ಅದನ್ನು ಅಂಟಿಸಲೇ ಇಲ್ಲ, ಎದೆಗೆ ಒತ್ತಿಕೊಂಡು ಕೂತಳು. ಅಂಟಿಸು ಎಂದು ಯಾರೂ ಹೇಳಲಿಲ್ಲ. ನಾನು ಹತ್ತೊಂಬತ್ತು ಅಂಟಿಸಿದೆ. ಅದರಲ್ಲಿ ಒಂದು ತಲೆಕೆಳಗು.

ಮೂರು ಗಂಟೆಗೆ ಸರಿಯಾಗಿ, ಇನ್ನೂ ಸ್ವಲ್ಪ ಬೆಚ್ಚಗಿದ್ದ ಪುಸ್ತಕಗಳು ವೇದಿಕೆಗೆ ಹೋದವು. ಕಾಂತಿ ಟೀಚರ್ ಮೈಕಿನ ಮುಂದೆ ನಿಂತು ನಡೆದದ್ದನ್ನೆಲ್ಲ ಹೇಳಿ, ಖಾಲಿ ಸರ್ಟಿಫಿಕೇಟಿನಲ್ಲಿ ಎಲ್ಲರ ಎದುರೇ ವಿಸ್ಮಿತಾಳ ಹೆಸರು ಬರೆದರು. ಮೊದಲು ಚಪ್ಪಾಳೆ ಹೊಡೆದವನು ಸೃಜನ್.

ಆಮೇಲೆ ಮಾಸ್ಟ್ರು ಮೋಕ್ಷಿತಾಳ ಹೆಸರು ಕರೆದರು. ಅವಳು ಎದ್ದೇಳಲಿಲ್ಲ. ಸಭೆ ಕಾಯಿತು. ಮುಂದಿನ ಸಾಲಿನಿಂದ ಜಿತೇಶಣ್ಣ ತಿರುಗಿ, “ನೀನು ಓದದಿದ್ರೆ ಆ ಬೋರ್ಡನ್ನು ನಾಳೆ ವಾಪಸು ತೂಗಿಸ್ತೇನೆ ನೋಡು” ಎಂದ. ಅವಳು ಫಕ್ಕನೆ ನಕ್ಕಳು, ಎದ್ದಳು. ಮೊದಲ ಎರಡು ಸಾಲು ಯಾರಿಗೂ ಕೇಳಿಸಲಿಲ್ಲ. ಮೂರನೆಯದಕ್ಕೆ ಬೋರ್ಡಿನ ದನಿ ಬಂತು. ಬೋರ್ಡು ಯಜಮಾನನ ಕಾಲ ಮೇಲೆ ಬಿದ್ದಾಗ ಇಡೀ ಸಭೆ ಬಿದ್ದು ಬಿದ್ದು ನಕ್ಕಿತು. ಜಿತೇಶಣ್ಣ ಬಗ್ಗಿ ತನ್ನ ಕಾಲನ್ನು ಮುಟ್ಟಿ ನೋಡಿಕೊಂಡ. ಮೋಕ್ಷಿತಾಳ ತಾಯಿ ಫೋನನ್ನು ಎತ್ತಿ ಹಿಡಿದಿದ್ದರು, ಸೌದಿಯಲ್ಲಿ ಒಬ್ಬರು ಎಲ್ಲವನ್ನೂ ನೋಡುತ್ತಿದ್ದರು.

ಕಾರ್ಯಕ್ರಮ ಮುಗಿದು ನಾನು ರಿಕ್ಷಾ ತಿರುಗಿಸುತ್ತಿದ್ದಾಗ ಹಿಂದಿನಿಂದ ಯಾರೋ ಓಡಿ ಬಂದರು. ಮೋಕ್ಷಿತಾ. ಏದುಸಿರು ಬಿಡುತ್ತಿದ್ದಳು.

“ಅಣ್ಣಾ! ಆ ಪುಸ್ತಕ... ಎಸೆದ್ರಾ?”

“ಸೇತುವೆ ಇನ್ನೂ ಬರ್ಲಿಲ್ಲವಲ್ಲ ಮಾರಾಯ್ತಿ,” ಎಂದೆ.

ಸೀಟು ಎತ್ತಿ, ಸ್ಪಾನರುಗಳ ಪಕ್ಕದಿಂದ ಕೆಂಪು ನೋಟ್‌ಬುಕ್ಕನ್ನು ತೆಗೆದು, ರಟ್ಟಿಗೆ ತಾಗಿದ್ದ ಗ್ರೀಸನ್ನು ನನ್ನ ಅಂಗಿಗೇ ಒರೆಸಿ ಕೊಟ್ಟೆ. ಅವಳು ಅಲ್ಲಿಯೇ, ರಿಕ್ಷಾದ ಹಿಂದಿನ ಸೀಟಿನ ಮೇಲೆ ಅದನ್ನು ಬಿಡಿಸಿ, ವಾರಿಜಕ್ಕನ ಹತ್ತಿರ ಪೆನ್ನು ಕೇಳಿದಳು.